ಖಾಸಗಿ ರೈಲಿನ ಸರ್ಕಾರಿ ಕಥೆ

ಊರಿನಿಂದ ಬರುವ ಬಂಧುಮಿತ್ರರಲ್ಲಿ ಹೆಚ್ಚಿನವರು ಅಮೆರಿಕದ ರೈಲಿನ ಬಗ್ಗೆ ಒಂದೇ ಮಾತು ಹೇಳುತ್ತಾರೆ: ‘ಇಲ್ಲಿ ಎಲ್ಲ ಖಾಸಗಿಯವರದು, ಅದಕ್ಕೇ ಇಷ್ಟು ಅಚ್ಚುಕಟ್ಟು. ನಮ್ಮಲ್ಲೂ ಹೀಗೇ ಮಾಡಬೇಕು.’ ಹಳಿಯ ಪಕ್ಕದಲ್ಲಿ ಕಸ ಬಿದ್ದಿಲ್ಲ ಎಂಬುದೇ ಅವರ ಅಚ್ಚುಕಟ್ಟಿಗೆ ಆಧಾರ. ರೈಲು ಹತ್ತಿದವರು ಕಡಿಮೆ. ಇಲ್ಲಿಯ ಕನ್ನಡ ಸಂಘದ ಯುಗಾದಿ ಊಟದಲ್ಲೂ ಹೋಳಿಗೆ ಬರುವ ಹೊತ್ತಿಗೆ ಈ ಚರ್ಚೆ ಏಳುತ್ತದೆ. ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಹಾಗಾಗಿ ನನ್ನ ಮಾತಿಗೆ ‘ನಿಮ್ಮದು ಬಿಡಿ, ರೈಲ್ವೆ ಮನೆತನ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಂಕ್ತಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಫಿಲಡೆಲ್ಫಿಯಾದ ಪಶ್ಚಿಮಕ್ಕೆ, ಪೇಯೋಲಿ ಸ್ಟೇಷನ್ನಿನ ಹತ್ತಿರ. ಈ ರೈಲು ಮಾರ್ಗವನ್ನು 1834ರಲ್ಲಿ ಮೊದಲು ಕಟ್ಟಿ ಮುಗಿಸಿದ್ದು ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರ. ಇಂದು ಹಳಿಯ ಒಡೆತನ ಆಮ್‌ಟ್ರ್ಯಾಕ್‌ನದು, ಅಂದರೆ ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುವ ನಿಗಮದ್ದು. ನಾನು ಕಚೇರಿಗೆ ಹೋಗಲು ಹತ್ತುವ ರೈಲು ಸೆಪ್ಟಾ ಎಂಬ ಸಾರ್ವಜನಿಕ ಸಾರಿಗೆ ಸಂಸ್ಥೆಯದು. ನಡುವೆ ಒಂದು ಶತಮಾನಕ್ಕೂ ಮಿಕ್ಕಿ ಈ ಹಳಿಯನ್ನು ಆಳಿದ್ದು ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಂಬ ಖಾಸಗಿ ಕಂಪನಿ. ಖಾಸಗಿಯ ಹೆಸರೆತ್ತಿದಾಗಲೆಲ್ಲ ತೋರಿಸಬೇಕಾದ ಕಂಪನಿ ಇದೇ, ಏಕೆಂದರೆ ಅಮೆರಿಕದ ಖಾಸಗಿ ರೈಲ್ವೆಗಳಲ್ಲಿ ಇದಕ್ಕಿಂತ ದೊಡ್ಡ ಹೆಸರು ಇರಲಿಲ್ಲ. ತನ್ನನ್ನು ತಾನು ‘ಜಗತ್ತಿನ ಮಾನದಂಡದ ರೈಲ್ವೆ’ ಎಂದು ಕರೆದುಕೊಂಡಿತ್ತು. ಆ ಜಂಬಕ್ಕೆ ಆಧಾರವೂ ಇತ್ತು.

ಕಥೆ ಶುರುವಾಗುವುದು ಒಂದು ಸರ್ಕಾರಿ ನಷ್ಟದಿಂದ. 1825ರಲ್ಲಿ ನ್ಯೂಯಾರ್ಕ್ ರಾಜ್ಯ ಈರಿ ಕಾಲುವೆಯನ್ನು ತೆರೆದು ಪಶ್ಚಿಮದ ವ್ಯಾಪಾರವನ್ನೆಲ್ಲ ತನ್ನ ಬಂದರಿಗೆ ಎಳೆದುಕೊಂಡಿತು. ಫಿಲಡೆಲ್ಫಿಯಾದ ವರ್ತಕರು ಗಾಬರಿಯಾದರು. ಪೆನ್ಸಿಲ್ವೇನಿಯಾ ಸರ್ಕಾರ ಸಾಲ ಎತ್ತಿ ಪಿಟ್ಸ್‌ಬರ್ಗ್‌ವರೆಗೆ ಒಂದು ವಿಚಿತ್ರ ದಾರಿ ಕಟ್ಟಿತು: ಸ್ವಲ್ಪ ದೂರ ರೈಲು, ಮುಂದೆ ಕಾಲುವೆ, ಅಲ್ಲೆಗೆನಿ ಬೆಟ್ಟ ಬಂದಾಗ ದೋಣಿಗಳನ್ನೇ ಗಾಡಿಗೇರಿಸಿ, ಇಳಿಜಾರಿನ ಹಳಿಗಳ ಮೇಲೆ ಹಗ್ಗದಿಂದ ಎಳೆದು ಆಚೆ ಇಳಿಸಿ, ಮತ್ತೆ ಕಾಲುವೆ. ಎಂಜಿನಿಯರುಗಳಿಗೆ ಸಂಭ್ರಮ, ಖಜಾನೆಗೆ ಸಂಕಟ. 1842ರಲ್ಲಿ ರಾಜ್ಯ ಸರ್ಕಾರಕ್ಕೆ ಸಾಲದ ಬಡ್ಡಿ ಕಟ್ಟುವುದೂ ಆಗಲಿಲ್ಲ. ‘ಸರ್ಕಾರ ಕೈಹಾಕಿದ್ದೆಲ್ಲ ಹೀಗೇ’ ಎನ್ನುವ ನಮ್ಮ ಪಂಕ್ತಿಯ ಮಿತ್ರರಿಗೆ ಇಲ್ಲಿಯವರೆಗಿನ ಕಥೆ ಬಹಳ ಇಷ್ಟವಾಗುತ್ತದೆ.

1846ರ ಏಪ್ರಿಲ್ 13ರಂದು ವಿಧಾನಮಂಡಲ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಸನ್ನದು ಕೊಟ್ಟಿತು. ಷೇರು ಕೊಂಡವರಲ್ಲಿ ಫಿಲಡೆಲ್ಫಿಯಾ ನಗರಾಡಳಿತವೂ ಒಂದು, ಅದೂ ದೊಡ್ಡ ಮೊತ್ತಕ್ಕೆ. ಅಂದರೆ ಖಾಸಗಿ ಕಂಪನಿಯ ತೊಟ್ಟಿಲಲ್ಲೇ ಸಾರ್ವಜನಿಕರ ದುಡ್ಡಿತ್ತು. ಮುಖ್ಯ ಎಂಜಿನಿಯರ್ ಜೆ. ಎಡ್ಗರ್ ಥಾಮ್ಸನ್ ಬೆಟ್ಟವನ್ನು ಹಗ್ಗವಿಲ್ಲದೆ ಹತ್ತುವ ದಾರಿ ಹುಡುಕಿದರು. ಅಲ್ಟೂನಾ ಊರಿನ ಪಶ್ಚಿಮಕ್ಕೆ ಕಣಿವೆಯನ್ನು ಲಾಳದ ಆಕಾರದಲ್ಲಿ ಸುತ್ತುವ ಹಾರ್ಸ್‌ಶೂ ಕರ್ವ್ 1854ರ ಫೆಬ್ರುವರಿಯಲ್ಲಿ ತೆರೆಯಿತು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ 1:37ರ ಘಾಟನ್ನು ನೋಡಿದ ಹುಬ್ಬಳ್ಳಿಯವರಿಗೆ ಇಲ್ಲಿಯ ಏರು ದೊಡ್ಡದಲ್ಲ. ಆದರೆ ಥಾಮ್ಸನ್ ಬಯಸಿದ್ದೂ ಅದನ್ನೇ. ಕಡಿದಾದ ಘಾಟು ಪ್ರವಾಸಿಗರಿಗೆ ಚೆಂದ, ಗೂಡ್ಸ್ ಗಾಡಿಗೆ ಖರ್ಚು. ಇಂದಿಗೂ ಕಲ್ಲಿದ್ದಲು, ಕಂಟೇನರ್ ಹೊತ್ತ ಗಾಡಿಗಳು ಅದೇ ತಿರುವಿನಲ್ಲಿ ಹೋಗುತ್ತಿವೆ.

1857ರಲ್ಲಿ ಸರ್ಕಾರ ತನ್ನ ರೈಲು, ಕಾಲುವೆಗಳನ್ನೆಲ್ಲ ಈ ಕಂಪನಿಗೇ 75 ಲಕ್ಷ ಡಾಲರಿಗೆ ಮಾರಿತು. ಕಟ್ಟಲು ಖರ್ಚಾದದ್ದು ಅದಕ್ಕಿಂತ ಬಹಳ ಹೆಚ್ಚು. ಉಳಿದ ಸಾಲ ತೆರಿಗೆದಾರರಿಗೆ, ಹಳಿ ಕಂಪನಿಗೆ. ಈ ವ್ಯವಹಾರ ಮುಂದೆ ತಲೆಕೆಳಗಾಗಿ ಮರುಕಳಿಸುತ್ತದೆ, ಆದ್ದರಿಂದ ನೆನಪಿಟ್ಟುಕೊಳ್ಳಿ.

ಆಮೇಲಿನ ಐವತ್ತು ವರ್ಷಗಳ ಬೆಳವಣಿಗೆ ಅಸಾಧಾರಣ. 1852ರಿಂದ 1874ರವರೆಗೆ ಅಧ್ಯಕ್ಷರಾಗಿದ್ದ ಥಾಮ್ಸನ್, ಅವರ ನಂತರ ಬಂದ ಟಾಮ್ ಸ್ಕಾಟ್ ಇಬ್ಬರೂ ಸಣ್ಣ ಸಣ್ಣ ರೈಲ್ವೆಗಳನ್ನು ಭೋಗ್ಯಕ್ಕೆ ಪಡೆದು, ಷೇರು ಕೊಂಡು, ಷಿಕಾಗೊ, ಸೇಂಟ್ ಲೂಯಿಸ್‌ವರೆಗೆ ಜಾಲ ಹರಡಿದರು. ಬೇರೆ ಕಂಪನಿಗಳ ಷೇರು ಇಟ್ಟುಕೊಳ್ಳಲೆಂದೇ 1870ರಲ್ಲಿ ಇನ್ನೊಂದು ಕಂಪನಿ ಹುಟ್ಟುಹಾಕಿದರು. ಈಗ ನಮ್ಮ ದೊಡ್ಡ ಉದ್ಯಮಿಗಳೆಲ್ಲ ಬಳಸುವ ಹೋಲ್ಡಿಂಗ್ ಕಂಪನಿಯ ಆರಂಭದ ಮಾದರಿಗಳಲ್ಲಿ ಅದೂ ಒಂದು. ಸ್ಕಾಟ್ ಕೈಕೆಳಗೆ ಟೆಲಿಗ್ರಾಫ್ ಹುಡುಗನಾಗಿ ಸೇರಿದ ಆಂಡ್ರೂ ಕಾರ್ನೆಗಿ ಮುಂದೆ ಉಕ್ಕಿನ ದೊರೆಯಾದ. ಒಂದು ಶತಮಾನಕ್ಕೂ ಮೀರಿ, ಒಂದು ವರ್ಷವೂ ತಪ್ಪದೆ ಕಂಪನಿ ಲಾಭಾಂಶ ಹಂಚಿತು. 1920ರ ಸುಮಾರಿಗೆ ಅದರ ಸಂಬಳದ ಪಟ್ಟಿಯಲ್ಲಿ 2.8 ಲಕ್ಷದಷ್ಟು ಜನರಿದ್ದರು.

ಆ ಜನರ ಕಥೆ ಲಾಭಾಂಶದಷ್ಟು ನೇರವಾಗಿಲ್ಲ. 1877ರಲ್ಲಿ ಸಂಬಳ ಕಡಿತ ಮಾಡಿ, ಅದೇ ಸಿಬ್ಬಂದಿಯಿಂದ ದುಪ್ಪಟ್ಟು ಉದ್ದದ ಗಾಡಿ ಓಡಿಸಲು ಹೊರಟಾಗ ಪಿಟ್ಸ್‌ಬರ್ಗ್‌ನಲ್ಲಿ ಮುಷ್ಕರ ಎದ್ದಿತು. ಸ್ಥಳೀಯ ಸೈನಿಕರು ಮುಷ್ಕರದವರ ಮೇಲೆ ಕೈ ಮಾಡಲು ಹಿಂಜರಿದರು. ಫಿಲಡೆಲ್ಫಿಯಾದಿಂದ ತುಕಡಿ ಕರೆಸಲಾಯಿತು. ಜುಲೈ 21ರಂದು ಅದು ಗುಂಡು ಹಾರಿಸಿ ಸುಮಾರು 20 ಜನ ಸತ್ತರು. ರೊಚ್ಚಿಗೆದ್ದ ಜನ ನೂರಕ್ಕೂ ಹೆಚ್ಚು ಎಂಜಿನ್ನುಗಳನ್ನು, ಸಾವಿರಕ್ಕೂ ಹೆಚ್ಚು ಬೋಗಿಗಳನ್ನು, ಸ್ಟೇಷನ್ನನ್ನೇ ಸುಟ್ಟರು. ಸುಟ್ಟದ್ದಕ್ಕೆ ಕಂಪನಿ ಪರಿಹಾರ ಕೇಳಿದ್ದು ಅಲ್ಲೆಗೆನಿ ಕೌಂಟಿಯನ್ನು. ಕೌಂಟಿ ಸಾಲಪತ್ರ ಮಾರಿ ಹಣ ಕೊಟ್ಟಿತು, ತೆರಿಗೆದಾರರು ಅದನ್ನು ತೀರಿಸಿದರು.

ನನಗೆ ಹೆಚ್ಚು ಹತ್ತಿರವೆನಿಸುವುದು ಅಲ್ಟೂನಾ. 1850ರ ಹೊತ್ತಿಗೆ ಕಂಪನಿ ತನ್ನ ವರ್ಕ್‌ಶಾಪಿಗಾಗಿ ಬೆಟ್ಟದ ಬುಡದಲ್ಲಿ ಹಾಕಿದ ಊರು ಅದು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ರೈಲ್ವೆ ವರ್ಕ್‌ಶಾಪುಗಳಲ್ಲಿ ಒಂದು. ಎಂಜಿನ್ನುಗಳನ್ನು ಅಲ್ಲೇ ವಿನ್ಯಾಸ ಮಾಡಿ, ಅಲ್ಲೇ ಕಟ್ಟಿ, ಅಲ್ಲೇ ಪರೀಕ್ಷೆ ಮಾಡುತ್ತಿದ್ದರು. ಹುಬ್ಬಳ್ಳಿಯ ವರ್ಕ್‌ಶಾಪನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ 1885ರ ಸುಮಾರಿಗೆ ಕಟ್ಟಿತು. ಎರಡೂ ಊರುಗಳನ್ನು ನೋಡಿದವನಿಗೆ ಓಣಿಗಳಲ್ಲೂ ಹೋಲಿಕೆ ಕಾಣುತ್ತದೆ: ಒಂದೇ ಅಳತೆಯ ಮನೆಗಳ ಸಾಲು, ಗೇಟಿನ ಎದುರು ಬೆಳೆದ ಅಂಗಡಿ ಸಾಲು, ಮೂರು ತಲೆಮಾರು ಒಂದೇ ಗೇಟಿನಲ್ಲಿ ಒಳಹೋದ ಮನೆತನಗಳು.

ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. 1930ರಲ್ಲಿ ಅಲ್ಟೂನಾದ ಜನಸಂಖ್ಯೆ 82 ಸಾವಿರ, 2020ರಲ್ಲಿ 44 ಸಾವಿರ. ಹುಬ್ಬಳ್ಳಿಯ ಬೋರ್ಡು ನಾಲ್ಕೈದು ಸಲ ಬದಲಾಗಿದೆ: ಸದರ್ನ್ ಮರಾಠಾ, 1908ರಲ್ಲಿ ಮದರಾಸ್ ಆ್ಯಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಿಂದ ನೈರುತ್ಯ ರೈಲ್ವೆ. ಅಪ್ಪ ಇವುಗಳಲ್ಲಿ ಎರಡು ಬೋರ್ಡುಗಳ ಕೆಳಗೆ ದುಡಿದರು. ಅವರ ಪಾಲಿಗೆ ಬದಲಾದದ್ದು ಪಾಸಿನ ಮೇಲಿನ ಮುದ್ರೆ ಮಾತ್ರ. ಡಬ್ಬಿ ಹಿಡಿದು ಹೋಗುವ ಹೊತ್ತು, ಸಂಬಳದ ದಿನ, ರೈಲ್ವೆ ಆಸ್ಪತ್ರೆಯ ಕೆಂಪು ಔಷಧಿಯ ಬಾಟಲಿ, ನಿವೃತ್ತಿಯ ಪಿಂಚಣಿ ಯಾವುದೂ ಬದಲಾಗಲಿಲ್ಲ. ಅಲ್ಟೂನಾದಲ್ಲಿ ಬೋರ್ಡು ಬದಲಾದಾಗಲೆಲ್ಲ ಮನೆಗೆ ಹೋಗುವವರ ಪಟ್ಟಿ ಹೊರಬೀಳುತ್ತಿತ್ತು.

ಹಾಗೆಂದು ಅಮೆರಿಕದ ರೈಲ್ವೆ ಕಾರ್ಮಿಕರು ಕಂಪನಿಯ ಪಿಂಚಣಿಯನ್ನೇ ನಂಬಿದವರಲ್ಲ. ಮೂವತ್ತರ ದಶಕದ ಮಹಾ ಕುಸಿತದಲ್ಲಿ ಕಂಪನಿಗಳ ಪಿಂಚಣಿ ಅಲುಗಾಡಿದಾಗ ಕೇಂದ್ರ ಸರ್ಕಾರ ರೈಲ್ವೆಯವರಿಗೆಂದೇ ನಿವೃತ್ತಿ ಮಂಡಳಿ ಸ್ಥಾಪಿಸಿತು. ಖಾಸಗಿ ಕಂಪನಿಯಲ್ಲಿ ದುಡಿದವರಿಗೆ ಇಂದಿಗೂ ಪಿಂಚಣಿ ಕೊಡುವುದು ಆ ಸರ್ಕಾರಿ ಮಂಡಳಿ. ನಮ್ಮ ಬೀದಿಯಲ್ಲಿರುವ ನಿವೃತ್ತ ಕಂಡಕ್ಟರ್ ಒಬ್ಬರು ಇದನ್ನು ಹೇಳಿದಾಗ ನನಗೆ ಅಪ್ಪನ ನೆನಪಾಯಿತು. ಇಬ್ಬರ ಪಿಂಚಣಿಯೂ ಬರುವುದು ಸರ್ಕಾರದಿಂದಲೇ.

ಕಂಪನಿಯ ಹೆಮ್ಮೆಯ ಶಿಖರ ನ್ಯೂಯಾರ್ಕಿನ ಪೆನ್ ಸ್ಟೇಷನ್. ಹಡ್ಸನ್ ನದಿಯ ಕೆಳಗೆ ಸುರಂಗ ಕೊರೆಸಿ ಮ್ಯಾನ್‌ಹಟನ್ನಿಗೆ ರೈಲು ತಂದವರು ಅಧ್ಯಕ್ಷ ಅಲೆಕ್ಸಾಂಡರ್ ಕಸಾಟ್. 1910ರಲ್ಲಿ ಸ್ಟೇಷನ್ ತೆರೆಯುವ ಹೊತ್ತಿಗೆ ಅವರು ಬದುಕಿರಲಿಲ್ಲ. ಐವತ್ತಮೂರು ವರ್ಷದ ನಂತರ, ದುಡ್ಡಿಗೆ ಕಷ್ಟವಾದಾಗ, ಅದೇ ಕಂಪನಿ ಆ ಕಲ್ಲಿನ ಕಂಬಗಳ ಕಟ್ಟಡವನ್ನು ಒಡೆಸಿ ಮೇಲಿನ ಜಾಗವನ್ನು ಕ್ರೀಡಾಂಗಣಕ್ಕೆ ಬಿಟ್ಟುಕೊಟ್ಟಿತು. ಕಟ್ಟಿದ್ದು ಅವರದು, ಒಡೆದದ್ದೂ ಅವರದು, ಕೇಳುವವರಿರಲಿಲ್ಲ. ಸ್ಮಾರಕ ಕಟ್ಟಡಗಳನ್ನು ಉಳಿಸುವ ಕಾನೂನು ನ್ಯೂಯಾರ್ಕಿನಲ್ಲಿ ಬಂದದ್ದು ಅದಾದ ಮೇಲೆ.

ಫಿಲಡೆಲ್ಫಿಯಾದ ಥರ್ಟಿಯತ್ ಸ್ಟ್ರೀಟ್ ಸ್ಟೇಷನ್ ಮಾತ್ರ ಉಳಿದಿದೆ. 1933ರದು. ಪೂರ್ವದ ಕೊನೆಯಲ್ಲಿ ಸುಮಾರು ನಾಲ್ಕಾಳೆತ್ತರಕ್ಕೂ ಮಿಕ್ಕಿದ ಕಂಚಿನ ದೇವದೂತ ಸತ್ತ ಸೈನಿಕನನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಿದ್ದಾನೆ. ವಾಕರ್ ಹ್ಯಾನ್‌ಕಾಕ್ ಮಾಡಿದ ವಿಗ್ರಹ, 1952ರಲ್ಲಿ ನಿಲ್ಲಿಸಿದ್ದು. ಪೀಠದ ಸುತ್ತ ಎರಡನೇ ಮಹಾಯುದ್ಧದಲ್ಲಿ ಸತ್ತ ಕಂಪನಿಯ 1,307 ನೌಕರರ ಹೆಸರುಗಳಿವೆ, ಅಕ್ಷರಾನುಕ್ರಮದಲ್ಲಿ, ಹುದ್ದೆಯ ಮೇಲುಕೀಳಿಲ್ಲದೆ. ಓದಿಕೊಂಡು ಹೋದರೆ ಐರಿಷ್, ಇಟಾಲಿಯನ್, ಪೋಲಿಷ್ ಹೆಸರುಗಳು ಒಂದರ ಪಕ್ಕ ಒಂದು ಸಿಗುತ್ತವೆ. ಒಂದು ಲಾಭದ ಕಂಪನಿ ತನ್ನ ಜನರನ್ನು ಇಷ್ಟು ಗೌರವದಿಂದ ನೆನೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಕಂಪನಿಗೊಂದು ಆತ್ಮಾಭಿಮಾನವಿತ್ತು. ಮೂರು ತಿಂಗಳ ಲೆಕ್ಕಪತ್ರವನ್ನಷ್ಟೇ ನೋಡುವ ಈಗಿನ ಷೇರುದಾರರು ಇಂಥ ವಿಗ್ರಹಕ್ಕೆ ದುಡ್ಡು ಮಂಜೂರು ಮಾಡಿಯಾರೇ?

ವಿಗ್ರಹ ನಿಲ್ಲಿಸುವ ಹೊತ್ತಿಗೆ ಕಂಪನಿ ಒಳಗೊಳಗೇ ಸೊರಗಿತ್ತು. 1946ರಲ್ಲಿ ತನ್ನ ನೂರು ವರ್ಷದ ಇತಿಹಾಸದಲ್ಲೇ ಮೊದಲ ಬಾರಿ ನಷ್ಟ ತೋರಿಸಿತು. ಕಾರಣಗಳು ಹಲವು, ನನಗೆ ಅತಿ ಸ್ವಾರಸ್ಯವೆನಿಸುವುದು ಒಂದು. 1880ರ ದಶಕದಲ್ಲಿ ಎದುರಾಳಿ ನ್ಯೂಯಾರ್ಕ್ ಸೆಂಟ್ರಲ್‌ನ ವ್ಯಾಂಡರ್‌ಬಿಲ್ಟ್, ಕಾರ್ನೆಗಿಯ ಬೆಂಬಲದೊಂದಿಗೆ, ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ಪೈಪೋಟಿಯ ರೈಲು ಮಾರ್ಗವೊಂದನ್ನು ಕೊರೆಯತೊಡಗಿದ. 1885ರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್ ಎರಡೂ ಕಡೆಯವರನ್ನು ತನ್ನ ವಿಹಾರ ನೌಕೆಯಲ್ಲಿ ಕೂರಿಸಿ ರಾಜಿ ಮಾಡಿಸಿದ. ಅರ್ಧ ಕೊರೆದ ಸುರಂಗಗಳು ಹಾಗೇ ಬಿದ್ದವು. ಅರ್ಧ ಶತಮಾನದ ನಂತರ ಅವುಗಳಲ್ಲಿ ಹಲವನ್ನು ಬಳಸಿಕೊಂಡೇ ಸರ್ಕಾರ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಹೆದ್ದಾರಿ ಕಟ್ಟಿ 1940ರಲ್ಲಿ ತೆರೆಯಿತು. ಪೈಪೋಟಿಯನ್ನು ನೌಕೆಯಲ್ಲಿ ಕೂತು ಮುಗಿಸಿದ ಕಂಪನಿಯ ಸರಕನ್ನು ಅದೇ ಸುರಂಗಗಳಲ್ಲಿ ಓಡಿದ ಲಾರಿಗಳು ಕಿತ್ತುಕೊಂಡವು.

ಉಳಿದದ್ದು ಗೊತ್ತಿರುವ ಕಥೆ: ವಿಮಾನ, ಕಾರು, ಮಂಕಾದ ಕಲ್ಲಿದ್ದಲು ಮತ್ತು ಉಕ್ಕು, ದರ ಏರಿಸಲೂ ಮಾರ್ಗ ಮುಚ್ಚಲೂ ವರ್ಷಗಟ್ಟಲೆ ಕಾಯಿಸುವ ನಿಯಂತ್ರಣ ಆಯೋಗ, ಬೆಳಿಗ್ಗೆ ಸಂಜೆ ಮಾತ್ರ ತುಂಬುವ ಉಪನಗರ ರೈಲು. ಪರಿಹಾರವೆಂದು ಕಂಪನಿ ಹುಡುಕಿದ್ದು ವಿಲೀನ, ಅದೂ ನೂರು ವರ್ಷದ ವೈರಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ. ಹತ್ತು ವರ್ಷ ಮಾತುಕತೆ, ಕೋರ್ಟು, ಆಯೋಗಗಳನ್ನೆಲ್ಲ ದಾಟಿ 1968ರ ಫೆಬ್ರುವರಿ 1ರಂದು ಪೆನ್ ಸೆಂಟ್ರಲ್ ಹುಟ್ಟಿತು.

ಎರಡು ವರ್ಷ ನಾಲ್ಕೂವರೆ ತಿಂಗಳಲ್ಲಿ ಅದು ದಿವಾಳಿಯೆದ್ದಿತು. ಇಬ್ಬರು ಸೊಸೆಯಂದಿರಿಗೆ ಒಂದೇ ಒಲೆ ಕೊಟ್ಟು, ಅಡುಗೆ ಏನೆಂದು ಹೇಳದೆ ಅತ್ತೆ ತೀರ್ಥಯಾತ್ರೆಗೆ ಹೋದಂತಿತ್ತು ಆಡಳಿತ. ಅಧ್ಯಕ್ಷ ಸ್ಟುವರ್ಟ್ ಸಾಂಡರ್ಸ್ ಒಂದು ಕಡೆಯವರು, ರೈಲು ನಡೆಸುವ ಆಲ್ಫ್ರೆಡ್ ಪರ್ಲ್‌ಮನ್ ಇನ್ನೊಂದು ಕಡೆಯವರು. ಹಣಕಾಸಿನ ಡೇವಿಡ್ ಬೆವನ್‌ಗೂ ಅವರಿಬ್ಬರಿಗೂ ಸರಿಬರುತ್ತಿರಲಿಲ್ಲ. ಸಿಬ್ಬಂದಿಯಲ್ಲಿ ಪೆನ್ಸಿಲ್ವೇನಿಯಾದವರದು ಕೆಂಪು ತಂಡ, ಸೆಂಟ್ರಲ್‌ನವರದು ಹಸಿರು ತಂಡ. ಒಬ್ಬರ ಕಂಪ್ಯೂಟರಿನ ಭಾಷೆ ಇನ್ನೊಬ್ಬರದಕ್ಕೆ ತಿಳಿಯದು. ವ್ಯಾಗನ್ ಬೇರೆ ಯಾರ್ಡಿಗೆ, ಅದರ ಕಾಗದ ಮತ್ತೊಂದು ಯಾರ್ಡಿಗೆ. 1969–70ರ ಚಳಿಗಾಲದಲ್ಲಿ ಮೇಯ್ನ್ ರಾಜ್ಯದ ರೈತರು ತುಂಬಿ ಕಳಿಸಿದ ಆಲೂಗಡ್ಡೆಯ ವ್ಯಾಗನ್‌ಗಳು ಪೆನ್ ಸೆಂಟ್ರಲ್ ಯಾರ್ಡುಗಳಲ್ಲಿ ಸಿಕ್ಕಿಬಿದ್ದು, ಆಲೂಗಡ್ಡೆ ಹೆಪ್ಪುಗಟ್ಟಿ ಹಾಳಾಯಿತು. ರೈತರು ಲಾರಿಗೆ ತಿರುಗಿದರು. ಆ ಸರಕನ್ನು ತಂದುಕೊಡುತ್ತಿದ್ದ ಮೇಯ್ನ್‌ನ ಸಣ್ಣ ರೈಲ್ವೆಗೆ ಆಲೂಗಡ್ಡೆ ವ್ಯಾಪಾರ ಮತ್ತೆ ಮರಳಲೇ ಇಲ್ಲ. ದೊಡ್ಡವರ ಜಗಳದಲ್ಲಿ ಏನೂ ತಪ್ಪು ಮಾಡದ ಸಣ್ಣ ಕಂಪನಿಯೊಂದು ಏಟು ತಿಂದ ಬಗೆ ಅದು.

ದುಡ್ಡಿಲ್ಲದಿದ್ದರೂ ಕಂಪನಿ ಸಾಲ ಎತ್ತಿ ಲಾಭಾಂಶ ಹಂಚುತ್ತಿತ್ತು. ತಪ್ಪಿಸಿದರೆ ಮಾರುಕಟ್ಟೆಗೆ ಗುಟ್ಟು ತಿಳಿದೀತೆಂಬ ಭಯ. 1970ರ ಜೂನ್ 8ರಂದು ನಿರ್ದೇಶಕರು ಎಚ್ಚೆತ್ತು ಮೂವರು ಮುಖ್ಯಸ್ಥರನ್ನೂ ಕೆಳಗಿಳಿಸಿದರು. ಸರ್ಕಾರದ ಸಾಲ ಖಾತರಿಗೆ ಕೈಚಾಚಿದರು, ಸಿಗಲಿಲ್ಲ. ಜೂನ್ 21, ಭಾನುವಾರ, ದಿವಾಳಿ ಅರ್ಜಿ ಸಲ್ಲಿಕೆಯಾಯಿತು. ಅಮೆರಿಕದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ.

ಮುಂದಿನದನ್ನೇ ನಮ್ಮ ಮಿತ್ರರು ಹೇಳುವುದಿಲ್ಲ. ದಿವಾಳಿಯೆದ್ದ ಕಂಪನಿ ಮುಚ್ಚಬೇಕಲ್ಲವೇ, ಅದಲ್ಲವೇ ಖಾಸಗಿಯ ನಿಯಮ? ಮುಚ್ಚಿದ್ದರೆ ಈಶಾನ್ಯ ಅಮೆರಿಕದ ಅರ್ಧ ಕಾರ್ಖಾನೆಗಳು ಮುಚ್ಚುತ್ತಿದ್ದವು. ಆದ್ದರಿಂದ 1971ರ ಮೇ 1ರಂದು ದೂರದ ಪ್ರಯಾಣಿಕ ರೈಲುಗಳನ್ನು ಆಮ್‌ಟ್ರ್ಯಾಕ್ ವಹಿಸಿಕೊಂಡಿತು. 1976ರ ಏಪ್ರಿಲ್ 1ರಂದು ಪೆನ್ ಸೆಂಟ್ರಲ್ ಮತ್ತು ನೆರೆಯ ದಿವಾಳಿ ರೈಲ್ವೆಗಳನ್ನು ಸೇರಿಸಿ ಸರ್ಕಾರ ಕಾನ್‌ರೈಲ್ ಎಂಬ ಕಂಪನಿ ಮಾಡಿತು. ಹಳೆಯ ಮಾಲೀಕರು ಹಳಿಯ ಬೆಲೆಗಾಗಿ ಕೋರ್ಟಿಗೆ ಹೋದರು. ಪೆನ್ ಸೆಂಟ್ರಲ್‌ಗೆ ಸರ್ಕಾರ 200 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು. ಒಟ್ಟು 700 ಕೋಟಿ ಡಾಲರಿನಷ್ಟು ಸರ್ಕಾರಿ ಹಣ ಕಾನ್‌ರೈಲ್ ಉಳಿಸಲು ಹೋಯಿತು. ಹಳಿ ಬದಲಾಯಿತು, ಎಂಜಿನ್ ಬಂತು, ಸಾವಿರಾರು ಮೈಲಿ ಮಾರ್ಗ ಕೈಬಿಟ್ಟಿತು, ನೌಕರರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. 1980ರ ಕಾನೂನು ದರ ನಿಗದಿಯ ಸ್ವಾತಂತ್ರ್ಯ ಕೊಟ್ಟಿತು. 1981ರಲ್ಲಿ ಬಂದ ಸ್ಟ್ಯಾನ್ಲಿ ಕ್ರೇನ್ ಎಂಬ ಹಳೆಯ ರೈಲ್ವೆ ಹುಲಿ ಕಂಪನಿಯನ್ನು ಲಾಭಕ್ಕೆ ತಂದರು. 1983ರಲ್ಲಿ ಉಪನಗರ ರೈಲುಗಳ ಹೊರೆಯನ್ನೂ ರಾಜ್ಯಗಳ ಹೆಗಲಿಗೆ ದಾಟಿಸಿದರು. ನಷ್ಟ ತರುವ ಪ್ರಯಾಣಿಕನನ್ನು ಪೂರ್ತಿ ಇಳಿಸಿದ ಮೇಲೆ ರೈಲ್ವೆ ಲಾಭ ಮಾಡಿತು!

ಲಾಭ ಕಂಡ ಕೂಡಲೇ ಮಾರುವ ಆತುರ. 1987ರ ಮಾರ್ಚಿನಲ್ಲಿ ಷೇರು ಮಾರುಕಟ್ಟೆಯಲ್ಲಿ ಮಾರಿದಾಗ ಸರ್ಕಾರಕ್ಕೆ ಒಟ್ಟಾರೆ ಬಂದದ್ದು ಸುಮಾರು 190 ಕೋಟಿ ಡಾಲರ್. ಹತ್ತು ವರ್ಷಕ್ಕೆ ಅದೇ ಕಂಪನಿಗಾಗಿ ನಾರ್ಫೋಕ್ ಸದರ್ನ್ ಮತ್ತು ಸಿಎಸ್‌ಎಕ್ಸ್ ಎಂಬ ಎರಡು ಖಾಸಗಿ ರೈಲ್ವೆಗಳು ಹರಾಜಿಗಿಳಿದು ಬೆಲೆ 1,000 ಕೋಟಿ ಡಾಲರ್ ದಾಟಿಸಿದವು. ಕೊನೆಗೆ 58ಕ್ಕೆ 42ರಂತೆ ಹಂಚಿಕೊಂಡವು. 1999ರ ಜೂನ್ 1ರಂದು ಪಾಲು ಜಾರಿಗೆ ಬಂದಾಗ ಆದದ್ದೇನೆಂದರೆ, ಹಳೆಯ ಪೆನ್ಸಿಲ್ವೇನಿಯಾದ ಮಾರ್ಗಗಳು ಬಹುಪಾಲು ನಾರ್ಫೋಕ್ ಸದರ್ನ್‌ಗೆ, ನ್ಯೂಯಾರ್ಕ್ ಸೆಂಟ್ರಲ್‌ನವು ಸಿಎಸ್‌ಎಕ್ಸ್‌ಗೆ. 1968ರಲ್ಲಿ ಇದ್ದಲ್ಲಿಗೇ ಮರಳಿದರು. ಪಾಲಾದ ವ್ಯಾಗನ್‌ಗಳಿಗೆ ಹಳೆಯ ಪಿಆರ್‌ಆರ್, ಎನ್‌ವೈಸಿ ಅಕ್ಷರಗಳನ್ನೇ ಮತ್ತೆ ಬಳಿದರು ಕೂಡ.

ದಿವಾಳಿಯೆದ್ದ ಪೆನ್ ಸೆಂಟ್ರಲ್ ಕಂಪನಿ ಏನಾಯಿತು? ಅದು ಸಾಯಲಿಲ್ಲ. ಹಳಿಯ ಪರಿಹಾರ, ನ್ಯೂಯಾರ್ಕಿನ ಆಸ್ತಿ, ಹಳೆಯ ನಷ್ಟ ತೋರಿಸಿ ಪಡೆದ ತೆರಿಗೆ ವಿನಾಯಿತಿ ಇವುಗಳ ಬಲದಿಂದ ಎದ್ದು ಕೂತು, ಹೆಸರು ಬದಲಿಸಿಕೊಂಡು, 1995ರಲ್ಲಿ ಸಿನ್ಸಿನಾಟಿಯ ಒಂದು ವಿಮಾ ಸಮೂಹದ ಪಾಲಾಯಿತು. 1846ರ ಸನ್ನದಿನ ಆಸ್ತಿಪಾಸ್ತಿಯ ವಾರಸುದಾರರು ಇಂದು ವಿಮೆ ಮಾರುತ್ತಾರೆ, ರೈಲು ಓಡಿಸುವುದಿಲ್ಲ. ಅಮೆರಿಕದ ಜಾಣ್ಮೆಯೆಲ್ಲ ಇಲ್ಲಿದೆ ಎಂದು ನನ್ನ ಅನಿಸಿಕೆ: ಕಂಪನಿಯನ್ನು ಹಳಿಯಿಂದ ಬಿಡಿಸಿಕೊಳ್ಳಬಹುದು. ನಷ್ಟ ತರುವುದು ಸರ್ಕಾರದ ಕಡೆಗೆ, ಉಳಿದದ್ದು ಷೇರುದಾರರ ಕಡೆಗೆ.

ಇದನ್ನು ನೋಡಿ ನಕ್ಕು ಬಿಡುವ ಸ್ಥಿತಿಯಲ್ಲಿ ನಾವೂ ಇಲ್ಲ. ನಮ್ಮ ಖಾಸಗಿ ರೈಲಿನ ಇತಿಹಾಸವೂ ಹೀಗೇ. 1864ರಲ್ಲಿ ಬೆಂಗಳೂರಿಗೆ ರೈಲು ತಂದ ಮದರಾಸ್ ರೈಲ್ವೆಯಂಥ ಮೊದಲ ಕಂಪನಿಗಳಿಗೆ ಬ್ರಿಟಿಷ್ ಸರ್ಕಾರ ನೂರಕ್ಕೆ ಐದರ ಪ್ರತಿಫಲದ ಖಾತರಿ ಕೊಟ್ಟಿತ್ತು. ಕಡಿಮೆ ಬಿದ್ದದ್ದನ್ನು ತುಂಬುತ್ತಿದ್ದುದು ನಮ್ಮ ರೈತರ ಕಂದಾಯ. 1876–78ರ ಬರದ ಕಾಲದಲ್ಲಿ ಕೂಲಿಗೆ ಬಂದ ಜನರ ಬೆವರಿನಿಂದ ಬೆಳೆದ ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1882ಕ್ಕೆ ಮುಗಿಯಿತು. 1886ರಲ್ಲಿ ಮೈಸೂರು ಸರ್ಕಾರ ಅದನ್ನು ಸದರ್ನ್ ಮರಾಠಾ ಕಂಪನಿಯ ಕೈಗೊಪ್ಪಿಸಿತು. ವಾಪಸು ತನ್ನ ಆಡಳಿತಕ್ಕೆ ತೆಗೆದುಕೊಂಡದ್ದು 1919ರಲ್ಲಿ. ಮೂವತ್ತಮೂರು ವರ್ಷ ನಮ್ಮದೇ ಹಳಿಯ ಮೇಲೆ ಲಂಡನ್ನಿನ ಕಂಪನಿ ರೈಲು ಓಡಿಸಿತು.

ಈಗ ಎರಡು ಕಡೆಯ ಟಿಕೆಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಹೋದ ಸಲ ಊರಿಗೆ ಹೋದಾಗ ಬೆಂಗಳೂರು–ಹುಬ್ಬಳ್ಳಿ ಟಿಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿ ಮುದ್ರಿಸಿದ್ದರು: ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ಭಾರತೀಯ ರೈಲ್ವೆ ವಸೂಲು ಮಾಡುತ್ತದೆ. ಉಳಿದದ್ದನ್ನು ಕಲ್ಲಿದ್ದಲು, ಅದಿರು, ಸಿಮೆಂಟು ಹೊತ್ತ ಗೂಡ್ಸ್ ಗಾಡಿ ತುಂಬಿಕೊಡುತ್ತದೆ. ಕಾಂಗ್ರೆಸ್ ಹುಲ್ಲಿನಂತೆ ಎಲ್ಲೆಡೆ ಹಬ್ಬಿದ ಪ್ರಯಾಣಿಕರನ್ನು ಇಳಿಸಿ ಲಾಭ ತೋರಿಸುವ ದಾರಿ ನಮಗಿಲ್ಲ, ಇರಲೂಬಾರದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಗಲೂ ರಾತ್ರಿ ರೈಲುಗಳಿವೆ, 2023ರಿಂದ ಧಾರವಾಡದವರೆಗೆ ವಂದೇ ಭಾರತ್ ಕೂಡ. ಅಮೆರಿಕದ ಹೆಮ್ಮೆಯ ರೈಲ್ವೆ ಕಟ್ಟಿದ ಫಿಲಡೆಲ್ಫಿಯಾ–ಪಿಟ್ಸ್‌ಬರ್ಗ್ ಮಾರ್ಗದಲ್ಲಿ ಎಷ್ಟೋ ವರ್ಷಗಳಿಂದ ದಿನಕ್ಕೊಂದೇ ಪ್ರಯಾಣಿಕ ರೈಲು. ಏಳೂವರೆ ಗಂಟೆ. ನಾನೂ ಟರ್ನ್‌ಪೈಕ್ ಹಿಡಿದು ಕಾರಿನಲ್ಲೇ ಹೋಗುತ್ತೇನೆ, ಆ ಹಳೆಯ ಸುರಂಗಗಳ ದಾರಿಯಲ್ಲಿ.

ಉಪನಗರ ರೈಲೂ ನೆಮ್ಮದಿಯಾಗಿಲ್ಲ. 2025ರಲ್ಲಿ ಹಣ ಸಾಲದೆ ಸೆಪ್ಟಾ ನಿಲ್ಲಿಸಲು ಹೊರಟ ಮಾರ್ಗಗಳ ಪಟ್ಟಿಯಲ್ಲಿ ನನ್ನ ಪೇಯೋಲಿ ಮಾರ್ಗವೂ ಇತ್ತು. ಹಳಿ, ಬೋಗಿ ದುರಸ್ತಿಗೆಂದು ಇಟ್ಟ ಬಂಡವಾಳದ ಹಣವನ್ನು ದಿನದ ಖರ್ಚಿಗೆ ಬಳಸಲು ರಾಜ್ಯ ಸರ್ಕಾರ ಎರಡು ವರ್ಷದ ಮಟ್ಟಿಗೆ ಒಪ್ಪಿದ್ದರಿಂದ ಉಳಿಯಿತು. ಬೀಜದ ಜೋಳ ಕುಟ್ಟಿ ರೊಟ್ಟಿ ಮಾಡುವುದು ಎಂದರೆ ಇದೇ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಕೂಡಿ ಮಾಡಿದ ಕೆ–ರೈಡ್ ಕಟ್ಟುತ್ತಿರುವ 148 ಕಿಲೋಮೀಟರ್ ಉಪನಗರ ರೈಲಿನ ಬಗ್ಗೆ ಎಲ್ಲರೂ ಕೇಳುವುದು ಯಾವಾಗ ಮುಗಿಯುತ್ತದೆ ಎಂದು. ಮುಗಿದ ಮೇಲೆ ವರ್ಷವರ್ಷದ ಕೊರತೆಯನ್ನು ತುಂಬುವವರು ಯಾರು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಅಮೆರಿಕದಿಂದ ತರುವಂಥದ್ದು ಏನೂ ಇಲ್ಲವೇ? ಇದೆ, ಆದರೆ ಅದು ಖಾಸಗಿ ಒಡೆತನವಲ್ಲ. ಕಾನ್‌ರೈಲ್ ಶುರುವಾಗುವ ಮೊದಲು, 1975ರಲ್ಲಿ, ಅದಕ್ಕೆಂದೇ ನೇಮಿಸಿದ ಸರ್ಕಾರಿ ಸಂಸ್ಥೆ ಒಂದೊಂದೇ ಕವಲು ಮಾರ್ಗದ ಲೆಕ್ಕ ತೆಗೆದು ಪ್ರಕಟಿಸಿತು: ಇಲ್ಲಿ ವರ್ಷಕ್ಕೆ ಇಷ್ಟು ವ್ಯಾಗನ್ ಸರಕು, ಇಷ್ಟು ಆದಾಯ, ಇಷ್ಟು ಖರ್ಚು. ಊರೂರಿನಲ್ಲಿ ಅಹವಾಲು ಸಭೆಗಳು ನಡೆದವು. ಹಿಟ್ಟಿನ ಗಿರಣಿಯವರು, ಗೊಬ್ಬರದವರು, ಪುರಸಭೆಯವರು ಬಂದು ಲೆಕ್ಕ ತಪ್ಪೆಂದು ವಾದಿಸಿದರು. ಎಷ್ಟೋ ಮಾರ್ಗಗಳು ಆದರೂ ಮುಚ್ಚಿದವು, ಆದರೆ ಏಕೆ ಮುಚ್ಚಿತು ಎಂಬುದು ಅಂಕಿ ಸಮೇತ ಊರಿಗೆ ಗೊತ್ತಿತ್ತು. ನಮ್ಮಲ್ಲಿ ಟಿಕೆಟ್ಟಿನ ಮೇಲಿನ ಆ ಶೇ 57 ಇಡೀ ದೇಶದ ಸರಾಸರಿ. ಹುಬ್ಬಳ್ಳಿ–ಗದಗ ಮಾರ್ಗದ ಲೆಕ್ಕವೇನು, ಅರಸೀಕೆರೆ–ಮೈಸೂರಿನದೇನು? 1997–98ರಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಬಗ್ಗೆ ಕಾಡು ಉಳಿಸುವವರೂ ರೈಲು ಬೇಕೆನ್ನುವವರೂ ಇಷ್ಟು ವರ್ಷ ಜಗಳವಾಡುತ್ತಿದ್ದಾರೆ, ಒಬ್ಬರ ಅಂಕಿಯನ್ನು ಇನ್ನೊಬ್ಬರು ನಂಬುವುದಿಲ್ಲ. 2017ರಿಂದ ಪ್ರತ್ಯೇಕ ರೈಲ್ವೆ ಬಜೆಟ್ಟೂ ಇಲ್ಲವಾಗಿ, ಸಂಸತ್ತಿನಲ್ಲಿ ಇಡೀ ದಿನ ರೈಲಿನ ಲೆಕ್ಕ ಕೇಳುವ ಪದ್ಧತಿಯೂ ಹೋಯಿತು.

ಈಗ ಎರಡು ವಿಲೀನಗಳ ಸುದ್ದಿ ಒಟ್ಟಿಗೇ ಓದುತ್ತಿದ್ದೇನೆ. ಅಲ್ಟೂನಾದ ವರ್ಕ್‌ಶಾಪು, ಹಾರ್ಸ್‌ಶೂ ಕರ್ವ್ ಎರಡನ್ನೂ ಇಟ್ಟುಕೊಂಡಿರುವ ನಾರ್ಫೋಕ್ ಸದರ್ನ್ ಕಂಪನಿಯನ್ನು ಕೊಳ್ಳುವುದಾಗಿ ಪಶ್ಚಿಮದ ಯೂನಿಯನ್ ಪೆಸಿಫಿಕ್ 2025ರ ಜುಲೈನಲ್ಲಿ ಘೋಷಿಸಿತು. ಬೆಲೆ 8,500 ಕೋಟಿ ಡಾಲರ್. ರೈಲ್ವೆ ವಿಲೀನಗಳಿಗೆ ಒಪ್ಪಿಗೆ ಕೊಡುವ ಕೇಂದ್ರ ಸರ್ಕಾರದ ಭೂಸಾರಿಗೆ ಮಂಡಳಿಗೆ ಸಲ್ಲಿಸಿದ ಸಾವಿರಾರು ಪುಟಗಳ ಅರ್ಜಿಯನ್ನು ಯಾರು ಬೇಕಾದರೂ ಓದಿ ಆಕ್ಷೇಪಣೆ ಬರೆಯಬಹುದು. ಪೆನ್ ಸೆಂಟ್ರಲ್ ನೆನಪಿರುವ ನಮ್ಮ ನಿವೃತ್ತ ಕಂಡಕ್ಟರ್ ಬರೆಯುವ ಹುರುಪಿನಲ್ಲಿದ್ದಾರೆ.

ಇನ್ನೊಂದು, ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ಸೇರಿಸುವ ಮಾತು. ಕಾರವಾರ, ಕುಮಟಾ, ಉಡುಪಿಯ ಜನರ ಬೇಡಿಕೆ ನ್ಯಾಯವಾದದ್ದೇ. ಜೋಡಿ ಹಳಿ ಹಾಕುವಷ್ಟು ದುಡ್ಡು ನಿಗಮದಲ್ಲಿಲ್ಲ. ಆ ನಿಗಮ ಶುರುವಾದಾಗ ಕರ್ನಾಟಕ ಶೇ 15ರ ಷೇರುದಾರ. ಆ ಪಾಲಿನ ಇಂದಿನ ಬೆಲೆ ಎಷ್ಟು, ವಿಲೀನದಲ್ಲಿ ಅದಕ್ಕೆ ಏನು ಸಿಗುತ್ತದೆ, ಕಾರವಾರದಿಂದ ತೋಕೂರಿನವರೆಗಿನ ಒಂದೊಂದು ಸ್ಟೇಷನ್ನಿನ ಆದಾಯ ಖರ್ಚು ಏನು ಎಂಬುದನ್ನು ವಿಧಾನಸಭೆಯಲ್ಲಿ ಮಂಡಿಸಿ, ಕರಾವಳಿಯಲ್ಲಿ ನಾಲ್ಕು ಸಭೆ ಕರೆದು ಕೇಳಲಿ. ಆಮೇಲೆ ಸೇರಿಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ.